‘ಸೇಲಮ್ಸ್ ಲಾಟ್’: ಪೂರ್ತಿ ಆವೃತ್ತಿಯನ್ನೇ ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಸಿಬಿಎಸ್ ವಾಹಿನಿ 1979ರ ನವೆಂಬರ್‌ನಲ್ಲಿ ಎರಡು ಕಂತುಗಳಲ್ಲಿ ಪ್ರಸಾರ ಮಾಡಿದ, ಸ್ಟೀಫನ್ ಕಿಂಗ್ ಕಾದಂಬರಿ ಆಧಾರಿತ ಭಯಾನಕ ಕಿರುಸರಣಿ ‘ಸೇಲಮ್ಸ್ ಲಾಟ್’ ಅನ್ನು ಮತ್ತೆ ನೋಡುವವರು ಮೊದಲು ಅವಧಿ ನೋಡಿಕೊಳ್ಳಲಿ. ಪೂರ್ಣ ಆವೃತ್ತಿ ಸುಮಾರು ಮೂರು ಗಂಟೆಯದು. ಎರಡು ಗಂಟೆಗೂ ಕಡಿಮೆ ಇದ್ದರೆ ಅದು ಚಿತ್ರಮಂದಿರಕ್ಕೆಂದು ಕತ್ತರಿಸಿದ್ದು. ಊರಿನವರ ಪರಿಚಯವೇ ಸರಿಯಾಗಿ ಆಗದಿದ್ದರೆ, ಅವರು ಒಬ್ಬೊಬ್ಬರಾಗಿ ರಕ್ತಪಿಶಾಚಿಗಳಾಗುವಾಗ ಎದೆ ನಡುಗುವುದಾದರೂ ಹೇಗೆ?

ಕಿಟಕಿಯ ದೃಶ್ಯವನ್ನಂತೂ ಎರಡು ಸಲ ನೋಡಬೇಕು. ರಕ್ತಪಿಶಾಚಿಯಾದ ಹುಡುಗ ಮಂಜಿನಲ್ಲಿ ತೇಲಿಬಂದು ಉಗುರಿನಿಂದ ಗಾಜು ಕೆರೆಯುತ್ತಾನೆ. ನಿರ್ದೇಶಕ ಟೋಬ್ ಹೂಪರ್ ಅವನನ್ನು ತಂತಿಯಲ್ಲಿ ನೇತುಹಾಕಲಿಲ್ಲ. ತಂತಿಯಾದರೆ ದೇಹ ಜೋಲಾಡುತ್ತದೆ, ಬೆಳಕು ಬಿದ್ದು ಮಿನುಗಿದರೆ ಗುಟ್ಟು ರಟ್ಟಾಗುತ್ತದೆ. ಕ್ರೇನಿನ ತೋಳಿಗೆ ಕೂರಿಸಿ, ಚಿತ್ರೀಕರಿಸಿದ್ದನ್ನು ಹಿಂದುಮುಂದಾಗಿ ಓಡಿಸಿದರು. ಮಂಜು ಸರಿಯುವ ರೀತಿಯನ್ನೇ ಗಮನಿಸಿ, ಏನೋ ಸರಿಯಿಲ್ಲ ಎಂದು ಕಣ್ಣಿಗೆ ತಟ್ಟುತ್ತದೆ.

ಕಾದಂಬರಿಯಲ್ಲಿ ಮಾತಾಡುವ ಹಿರಿಯ ರಕ್ತಪಿಶಾಚಿ ಬಾರ್ಲೋ ಇಲ್ಲಿ ಮೂಕ. ಆ ಪಾತ್ರದ ರೆಗ್ಗಿ ನಾಲ್ಡರ್‌ಗೆ ನೀಲಿ ಬಣ್ಣದ ಮುಖ, ಇಲಿಹಲ್ಲು ಅಷ್ಟೇ. ಮಾತೆಲ್ಲ ಅವನ ಬಂಟ ಸ್ಟ್ರೇಕರ್ ಪಾತ್ರದ ಜೇಮ್ಸ್ ಮೇಸನ್‌ಗೆ. ಆ ಮೆಲುದನಿಯ ಸೌಜನ್ಯವೇ ಹೆಚ್ಚು ಹೆದರಿಸುತ್ತದೆ.

– ಓದುಗ