ಮುಳುಗಿದ ಎಂಜಿನ್ ಮತ್ತೆ ಓಡಿತು, ಕೈಜೋಡಿಸಿದ ಎಲ್ಲರಿಗೂ ನಮಸ್ಕಾರ

ನಮ್ಮ ನಾಡದೋಣಿ ನಿನ್ನೆ ಮತ್ತೆ ಕಡಲಿಗೆ ಇಳಿಯಿತು. ಎಂಜಿನ್ ಅದೇ ಹಳೆಯದು. ನದಿ ಕಡಲು ಸೇರುವ ಗಂಗೊಳ್ಳಿ ಅಳಿವೆಯಲ್ಲಿ ದೋಣಿ ಮಗುಚಿದಾಗ ನಮ್ಮನ್ನು ನೀರಿನಿಂದ ಎತ್ತಿದವರ ಮನೆಗೆ ನಾವೇ ಬರುತ್ತೇವೆ. ಆ ಋಣವನ್ನು ನಾಲ್ಕು ಸಾಲು ಬರೆದು ಮುಗಿಸಲು ಆಗುವುದಿಲ್ಲ. ಇದು ಎಂಜಿನ್ ಉಳಿಸಿದವರಿಗೆ.

ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿ ತನಕದ ಎಂಜಿನ್ ಇರುವ ನಾಡದೋಣಿಗೆ ಅವಕಾಶ. ನಮ್ಮ ದುಡಿಮೆಯ ಕಾಲವೇ ಅದು. ಆಗಲೇ ಎಂಜಿನ್ ಹೋದರೆ ಏನು ಗತಿ?

ಮಗುಚಿದ ಮರುದಿನ ದೋಣಿಯನ್ನು ದಡಕ್ಕೆ ಎಳೆದಾಗ ಸುತ್ತ ನಿಂತವರೆಲ್ಲ "ಒಂದ್ಸಲ ಸ್ಟಾರ್ಟಿಂಗ್ ಹಗ್ಗ ಎಳೆದು ನೋಡು" ಎಂದರು. ತಡೆದದ್ದು ಭಟ್ಕಳದ ಮೆಕ್ಯಾನಿಕ್ ಅಣ್ಣ, ಅದೂ ಫೋನಿನಲ್ಲೇ. ಓಡುತ್ತಿರುವಾಗ ಮುಳುಗಿದ ಎಂಜಿನ್ ಅದು, ಸಿಲಿಂಡರಿನಲ್ಲಿ ನೀರಿರುತ್ತದೆ. ಗಾಳಿಯಾದರೆ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಜೋರಾಗಿ ಎಳೆದಿದ್ದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗಬಹುದಿತ್ತು.

"ನಾನು ಬರುವ ತನಕ ಸಿಹಿನೀರಲ್ಲಿ ಮುಳುಗಿಸಿಡಿ" ಎಂದರು. ಮುಳುಗಿದ್ದನ್ನು ಎತ್ತಿ ಮತ್ತೆ ಮುಳುಗಿಸುವುದಾ ಅಂತ ನಾವು ಮುಖ ಮುಖ ನೋಡಿಕೊಂಡೆವು. ಉಪ್ಪುನೀರು ಕುಡಿದ ಎಂಜಿನ್ನಿಗೆ ಗಾಳಿ ತಾಗಿದ ಮೇಲೆ ತುಕ್ಕು ಜೋರಾಗುತ್ತದಂತೆ. ಟು ಸ್ಟ್ರೋಕ್ ಎಂಜಿನ್ನಿನ ಬೇರಿಂಗಿಗೆ ಎಣ್ಣೆ ಹೋಗುವುದು ಪೆಟ್ರೋಲು, ಸೀಮೆಎಣ್ಣೆಯ ಜೊತೆಗೇ. ಆ ದಾರಿಯಲ್ಲೇ ಉಪ್ಪುನೀರೂ ಒಳಗೆ ಹೋಗಿ ಕೂರುತ್ತದೆ. ಐಸ್ ಪ್ಲಾಂಟಿನವರು ಡ್ರಮ್ ಕೊಟ್ಟರು. ಪಕ್ಕದ ಮನೆಯ ದೊಡ್ಡಮ್ಮ "ಮಳೆಗಾಲದಲ್ಲಿ ನೀರಿಗೆ ಬರವಾ, ತಗೊಂಡ್ ಹೋಗಿ" ಅಂತ ಬಾವಿ ಬಿಟ್ಟುಕೊಟ್ಟರು.

ಅಣ್ಣ ಬಂದವರೇ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್ಗಿನ ತೂತು ಕೆಳಗಾಗುವ ಹಾಗೆ ಎಂಜಿನ್ ಮಲಗಿಸಿ, ಎಂಜಿನ್ ತಿರುಗಿಸುವ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಕೈಯಲ್ಲೇ ಮೆಲ್ಲಗೆ ತಿರುಗಿಸಿದರು. ನೀರೆಲ್ಲ ಇಳಿಯಿತು. ಮರಳು ಉಜ್ಜುವ ಸದ್ದಿಲ್ಲ. ಇದ್ದಿದ್ದರೆ ಪೂರ್ತಿ ಬಿಚ್ಚಬೇಕಿತ್ತು. ಉಳಿದ ಪಸೆ ಎಳೆಯಲು ಬಡಗಿಯವರು ಪಾಲಿಶ್‌ಗೆ ಇಟ್ಟ ಸ್ಪಿರಿಟ್ ಕೊಟ್ಟರು. ಕಾರ್ಬುರೇಟರ್ ತೊಳೆದು, ಕಾಯಿಲ್ ವೈರುಗಳನ್ನು ಒಣಗಿಸಲು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಿಕ್ಕಿತು. ಆ ಹುಡುಗ ಅಂಗಡಿ ಬಾಗಿಲು ಹಾಕಿ ನಮ್ಮ ಜೊತೆ ನಿಂತ. ಗೇರ್ ಆಯಿಲ್ ನೋಡಿದರೆ ಹಾಲು ಹಾಕಿದ ಚಹಾದಂತಿತ್ತು, ಅಂದರೆ ಅದಕ್ಕೂ ನೀರು ಸೇರಿತ್ತು. ಸೀಲ್ ಬದಲಾಯಿತು. ಸಿಲಿಂಡರಿಗೆ ಎಣ್ಣೆ ಬಿಟ್ಟು, ಹೊಸ ಪ್ಲಗ್ ಹಾಕಿ, ಎಣ್ಣೆ ಜಾಸ್ತಿ ಬೆರೆಸಿದ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿದರು.

ಕೆಮ್ಮಿತು, ಹೊಗೆ ಕಾರಿತು, ಹಿಡಿಯಿತು! ಒಳಗಿನ ಪಸೆ ಪೂರ್ತಿ ಆರಲಿ ಅಂತ ಎಂಜಿನ್ನಿನ ಕೆಳಭಾಗವನ್ನಷ್ಟೇ ಅದೇ ಡ್ರಮ್ಮಿನ ನೀರಲ್ಲಿ ಇಟ್ಟು ತುಂಬ ಹೊತ್ತು ಓಡಿಸಿದೆವು. ಇಂಥ ಕೆಲಸದಲ್ಲಿ ಕೈಚಳಕಕ್ಕಿಂತ ತಡಮಾಡದಿರುವುದು ಮುಖ್ಯ ಅಂತ ಅಣ್ಣನ ಮಾತು. ಅದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ, ಅವರ ಕೈ ನೋಡಿದ್ದೇನಲ್ಲ. ತೆಗೆದುಕೊಂಡದ್ದು ಸಾಮಾನಿನ ದುಡ್ಡು ಅಷ್ಟೇ. ಅಣ್ಣಾ, ಮೀನು ಕಳಿಸಿದರೆ ಬೇಡ ಅನ್ನಬೇಡಿ.

"ಇದು ಗುಜರಿಗೇ ಸೈ" ಎಂದವರೂ ಕೊನೆಗೆ ಎಂಜಿನ್ ಹೊತ್ತು ದೋಣಿಗೆ ಏರಿಸಿದಿರಿ. ನಿಮಗೂ ನಮಸ್ಕಾರ. ಅಂದಹಾಗೆ, ಯಾರದೋ ಒಂದು ಪ್ಲಗ್ ಸ್ಪ್ಯಾನರ್ ನಮ್ಮಲ್ಲೇ ಉಳಿದಿದೆ. ಬಂದು ತಗೊಂಡು ಹೋಗಿ.