ಬ್ರೌನ್ ಬೆಲ್ಟ್ ಕೈತಪ್ಪಿದ ಪುಟ್ಟಿಗೆ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ಭಾನುವಾರದ ಕರಾಟೆ ಗ್ರೇಡಿಂಗಿನಲ್ಲಿ, ಅಂದರೆ ಬೆಲ್ಟಿನ ಪರೀಕ್ಷೆಯಲ್ಲಿ, ನಿನಗೆ ಬ್ರೌನ್ ಬೆಲ್ಟ್ ಸಿಗಲಿಲ್ಲವೆಂದೂ, ಮನೆಗೆ ಬಂದವಳೇ ಕರಾಟೆ ಡ್ರೆಸ್ಸನ್ನು ಮಂಚದ ಕೆಳಗೆ ತಳ್ಳಿ ಊಟವನ್ನೂ ಮಾಡದೆ ಮಲಗಿದೆಯೆಂದೂ ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ನಿಮ್ಮ ಬಡಾವಣೆಯಲ್ಲಿ ಹೊಸದಾಗಿ ಶುರುವಾಗಿರುವ ಮತ್ತೊಂದು ಕ್ಲಾಸಿನವರು ಎರಡು ವರ್ಷದೊಳಗೆ ಬ್ಲ್ಯಾಕ್ ಬೆಲ್ಟ್ ಕೊಡುವುದಾಗಿ ಹೇಳುತ್ತಿದ್ದಾರೆ, ನಿನ್ನನ್ನು ಅಲ್ಲಿಗೇ ಸೇರಿಸಿಬಿಡಲೇ ಎಂದೂ ಕೇಳಿದ. ಅವಸರದಲ್ಲಿ ಉತ್ತರ ಕೊಡುವ ವಿಷಯ ಇದಲ್ಲವೆನ್ನಿಸಿ ನಿನಗೇ ಬರೆಯಲು ಕುಳಿತಿದ್ದೇನೆ.

ಅವನು ಕಳಿಸಿದ ವೀಡಿಯೊವನ್ನು ನಾಲ್ಕು ಸಲ ನೋಡಿದೆ. ಕಿಹೊನ್, ಅಂದರೆ ಮೂಲ ಹೊಡೆತ ತಡೆಗಳ ಭಾಗ, ಚೆನ್ನಾಗಿಯೇ ಇತ್ತು. ನಿನ್ನ ಗ್ಯಾಕು ಝುಕಿಯಲ್ಲಿ, ಹಿಂದಿನ ಕೈಯ ಆ ಗುದ್ದಿನಲ್ಲಿ, ಸೊಂಟ ತಿರುಗುವ ರೀತಿ ನನಗೆ ಬಹಳ ಹಿಡಿಸಿತು. ಕುಮಿತೆಯ ಕಾದಾಟದಲ್ಲಿ ನಿನಗಿಂತ ಎತ್ತರದ ಹುಡುಗನ ಎದುರು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ನೀನು ಸೋತದ್ದು ಟೆಕ್ಕಿ ಶೋದಾನ್ ಕಟಾದಲ್ಲಿ, ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ಆ ಚಲನೆಗಳ ಸರಣಿಯಲ್ಲಿ. ಅದರ ಇಪ್ಪತ್ತೊಂಬತ್ತು ಚಲನೆಗಳಲ್ಲಿ ಒಂದನ್ನೂ ನೀನು ಮರೆತಿಲ್ಲ, ಕಿಯಾಯ್ ಕೂಗು ಕೂಡ ಎರಡೂ ಕಡೆ ಸರಿಯಾದ ಜಾಗದಲ್ಲೇ ಬಂದಿದೆ, ಹೀಗಿದ್ದರೂ ಯಾಕೆ ಫೇಲು ಮಾಡಿದರೆಂದು ನಿನಗೆ ಕೋಪ ಬಂದಿರಬೇಕು. ಆ ವೀಡಿಯೊವನ್ನು ಒಮ್ಮೆ ಧ್ವನಿ ನಿಲ್ಲಿಸಿ, ನಿನ್ನ ತಲೆಯನ್ನಷ್ಟೇ ಗಮನಿಸಿ ನೋಡು. ಪಾದವನ್ನು ಪಾದದ ಮೇಲಿಂದ ದಾಟಿಸುವಾಗೆಲ್ಲ ತಲೆ ನಾಲ್ಕು ಬೆರಳಿನಷ್ಟು ಮೇಲೇಳುತ್ತದೆ. ನಾಮಿ ಗಾಯೆಶಿಯಲ್ಲಿ, ಅಂದರೆ ತೀರಕ್ಕೆ ಬಂದ ಅಲೆ ಮರಳುವಂತೆ ಪಾದವನ್ನು ಒಳಕ್ಕೆ ಎಳೆದು ಮತ್ತೆ ಊರುವ ಕಡೆಯಲ್ಲಿ, ನಿನ್ನ ಇಡೀ ಮೈ ಇನ್ನೊಂದು ಬದಿಗೆ ವಾಲುತ್ತದೆ. ಈ ಕಟಾದಲ್ಲಿ ಅದು ನಾಲ್ಕು ಸಲ ಬರುತ್ತದೆ. ನಾಲ್ಕೂ ಸಲ ವಾಲಿದ್ದೀಯೆ. ಟೆಕ್ಕಿ ಎಂದರೆ ಕಬ್ಬಿಣದ ಕುದುರೆ. ಕುದುರೆಯ ಮೇಲೆ ಕೂತವನಂತೆ ಮಂಡಿ ಬಾಗಿಸಿ, ಒಂದೇ ಗೆರೆಯ ಮೇಲೆ ಅತ್ತಿತ್ತ ಚಲಿಸುತ್ತಾ, ಕೊನೆಯವರೆಗೂ ಎತ್ತರ ಬದಲಾಗದಂತೆ ಇರುವುದೇ ಅದರ ಜೀವಾಳವಾಗಿರುವಾಗ, ಪರೀಕ್ಷಕರು ಅದನ್ನು ನೋಡಿಯೂ ನೋಡದಂತೆ ಇರಬೇಕಿತ್ತೆಂದು ನಾನು ಹೇಳಲಾರೆ.

ನನ್ನ ಅಜ್ಜ, ಅಂದರೆ ನಿನ್ನ ಮುತ್ತಜ್ಜ, ಹರೆಯದಲ್ಲಿ ಗರಡಿಗೆ ಹೋಗುತ್ತಿದ್ದವರು. ಅಲ್ಲಿ ಬೆಲ್ಟೂ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಎದುರಾಳಿ ಎತ್ತಿ ಹಾಕಿದಾಗ ಬೆನ್ನಿಗೆ ಕೆಮ್ಮಣ್ಣು ಮೆತ್ತಿದರೆ ತನ್ನ ಪಟ್ಟಿನಲ್ಲಿ ಎಲ್ಲಿ ಸಡಿಲವಿತ್ತೆಂದು ಆ ಕ್ಷಣವೇ ತಿಳಿಯುತ್ತಿತ್ತು. ಕಟಾ ಮಾಡುವವರಿಗೆ ಆ ಅನುಕೂಲವಿಲ್ಲ. ಎದುರಿಗೆ ಯಾರೂ ಇಲ್ಲದ್ದರಿಂದ ತಪ್ಪು ನಿಲುವಿನಲ್ಲಿ ನಿಂತರೂ ಯಾರೂ ಕೆಡಹುವುದಿಲ್ಲ, ವರ್ಷಗಟ್ಟಲೆ ಹಾಗೆಯೇ ನಿಂತು ಅದನ್ನೇ ಸರಿ ಎಂದುಕೊಂಡುಬಿಡಬಹುದು. ಆ ಎದುರಾಳಿಯ ಕೆಲಸವನ್ನು ಮಾಡಬೇಕಾದದ್ದು ಮೇಜಿನ ಹಿಂದೆ ಕುಳಿತ ಪರೀಕ್ಷಕರ ಕಣ್ಣು. ಆ ಕಣ್ಣು ಮೃದುವಾದರೆ ಗ್ರೇಡಿಂಗು ಬರೀ ಬಣ್ಣ ಹಂಚುವ ಕಾರ್ಯಕ್ರಮವಾಗಿಬಿಡುತ್ತದೆ.

ಇದನ್ನು ನಾನು ಅನುಭವಿಸಿಯೇ ಹೇಳುತ್ತಿದ್ದೇನೆ. ನಾನು ನಿನ್ನ ವಯಸ್ಸಿನವನಾಗಿದ್ದಾಗ ಒಂದು ಕ್ಲಾಸಿನಲ್ಲಿ ಗ್ರೀನ್ ಬೆಲ್ಟಿನ ಪರೀಕ್ಷೆಗೆ ನಿಂತಿದ್ದೆ. ಹೇಯಾನ್ ಸಾಂದಾನ್ ಕಟಾದ ನಡುವೆ ಮುಂದಿನ ಹೆಜ್ಜೆ ಮರೆತು ಸುಮ್ಮನೆ ನಿಂತುಬಿಟ್ಟೆ. ಪಕ್ಕದ ಹುಡುಗನನ್ನು ನೋಡಿಕೊಂಡು ಹೇಗೋ ಮುಗಿಸಿದೆ. ಪರೀಕ್ಷಕರು ಅದನ್ನು ನೋಡಿದರು, ನಾನು ನೋಡಿದ್ದನ್ನೂ ನೋಡಿದರು, ಆಮೇಲೆ ಹಾಳೆಯ ಮೇಲೆ ಏನೋ ಬರೆದುಕೊಂಡರು. ಫೀಸು ಕಟ್ಟಿದವರೆಲ್ಲ ಪಾಸಾದರು. ಮುಂದಿನ ವಾರ ಅಪ್ಪ, ಅಮ್ಮ, ಅಕ್ಕಪಕ್ಕದವರೆಲ್ಲರ ಎದುರು ನನ್ನ ಸೊಂಟಕ್ಕೆ ಗ್ರೀನ್ ಬೆಲ್ಟ್ ಕಟ್ಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಮಾತ್ರ ತಲೆ ಎತ್ತಲಾಗಲಿಲ್ಲ. ಎರಡು ವರ್ಷದ ನಂತರ ಬೇರೆ ಊರಿನ ಡೋಜೊ, ಅಂದರೆ ಕರಾಟೆ ಶಾಲೆ, ಸೇರಿದೆ. ಅಲ್ಲಿಯ ಗುರುಗಳಾದ ಸೆನ್ಸೈ ಅದೇ ಕಟಾ ಮಾಡಿಸಿ, ಮಾತಾಡದೆ, ಯೆಲ್ಲೋ ಬೆಲ್ಟಿನವರ ಸಾಲಿನ ಕೊನೆಯಲ್ಲಿ ನಿಲ್ಲಿಸಿದರು. ಆ ಸಾಲಿನಲ್ಲಿ ಒಂಬತ್ತು ತಿಂಗಳು ನಿಂತು, ಮತ್ತೆ ಪರೀಕ್ಷೆ ಕೊಟ್ಟು ಪಡೆದ ಗ್ರೀನ್ ಬೆಲ್ಟು ಇಂದಿಗೂ ನನ್ನ ಬೀರುವಿನಲ್ಲಿದೆ. ಮೊದಲನೆಯದು ಎಲ್ಲಿ ಹೋಯಿತೋ, ನಾನು ಹುಡುಕಲೂ ಇಲ್ಲ.

ಬೆಲ್ಟೆಂಬುದು ಕರಾಟೆಯೊಂದಿಗೇ ಹುಟ್ಟಿ ಬಂದದ್ದೇನೂ ಅಲ್ಲವೆಂಬುದೂ ನಿನಗೆ ತಿಳಿದಿರಲಿ. ಕರಾಟೆಯ ತವರಾದ ಜಪಾನಿನ ಒಕಿನಾವಾ ದ್ವೀಪದ ಹಿರಿಯ ಗುರುಗಳು ಅದಿಲ್ಲದೆಯೇ ಕಲಿತು ಕಲಿಸಿದವರು. ಜಿಗೊರೊ ಕಾನೊ ಅವರು 1882ರಲ್ಲಿ ಆರಂಭಿಸಿದ ಜೂಡೊದಲ್ಲಿ ದಾನ್ ಎಂಬ ಮೇಲ್ದರ್ಜೆಯ ಶ್ರೇಣಿಗಳನ್ನು ತಂದರು; 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಬಂದ ಗಿಚಿನ್ ಫುನಾಕೋಶಿ ಅವರು ಅದನ್ನೇ ಅನುಸರಿಸಿ 1924ರಲ್ಲಿ ತಮ್ಮ ಕೆಲವು ಶಿಷ್ಯರಿಗೆ ಮೊದಲ ಬಾರಿಗೆ ಬ್ಲ್ಯಾಕ್ ಬೆಲ್ಟ್ ನೀಡಿದರು. ಅದೇ ಫುನಾಕೋಶಿ ಅವರು ಯುವಕರಾಗಿದ್ದಾಗ ಟೆಕ್ಕಿಯ ಮೂರು ಕಟಾಗಳನ್ನು ಕಲಿಯಲು ತಮಗೆ ಹತ್ತು ವರ್ಷ ಹಿಡಿಯಿತೆಂದು ಬರೆದುಕೊಂಡಿದ್ದಾರೆ. ನೀನು ಆ ಮೂರರಲ್ಲಿ ಮೊದಲನೆಯದನ್ನು ಆರು ತಿಂಗಳಿನಿಂದ ಮಾಡುತ್ತಿದ್ದೀಯೆ, ಪುಟ್ಟಿ.

ಹಾಗೆಂದು ಬೆಲ್ಟಿನ ಆಸೆಯೇ ತಪ್ಪೆಂದು ನಾನು ಹೇಳುವುದಿಲ್ಲ. ಗ್ರೇಡಿಂಗಿನ ತಾರೀಖು ಗೊತ್ತಾದ ಮೇಲೆ ನೀನು ಬೆಳಗ್ಗೆ ಐದಕ್ಕೆ ಏಳತೊಡಗಿದೆ, ಅದು ಯಾರ ಬೈಗುಳಕ್ಕೂ ಬಂದದ್ದಲ್ಲ. ಎದೆಗೆ ಅಂಟಿಸಿದ ನಂಬರನ್ನು ಕರೆದಾಗ, ಮಂಡಿಯೂರಿ ಕುಳಿತು ಜೋಮು ಹಿಡಿದ ಕಾಲಿನಲ್ಲೇ ಎದ್ದು, ನಡುವಿನ ಖಾಲಿ ಜಾಗಕ್ಕೆ ಒಬ್ಬಳೇ ನಡೆದು ಹೋಗಿ, ಕಟಾದ ಹೆಸರನ್ನು ಗಟ್ಟಿಯಾಗಿ ಹೇಳಿದೆಯಲ್ಲ, ಎರಡು ವರ್ಷದ ಹಿಂದೆ ನೆಂಟರ ಮನೆಯಲ್ಲಿ ಹೆಸರು ಕೇಳಿದರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದವಳು ನೀನೇ. ಇದು ಗ್ರೇಡಿಂಗು ಕೊಟ್ಟದ್ದು. ಫಲಿತಾಂಶದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಇದನ್ನು ಯಾರೂ ವಾಪಸು ಪಡೆಯಲಾರರು.

ಆದ್ದರಿಂದ ಕ್ಲಾಸು ಬದಲಿಸುವ ಯೋಚನೆಯನ್ನು ಬಿಟ್ಟುಬಿಡಿರೆಂದು ನಿನ್ನ ಅಪ್ಪನಿಗೂ ಬೇರೆಯಾಗಿ ಹೇಳುತ್ತೇನೆ. ನಿನ್ನ ಸೆನ್ಸೈಯನ್ನು ಕಂಡು, ನಮಸ್ಕಾರ ಮಾಡಿ, ಎಲ್ಲಿ ತಪ್ಪಿದೆನೆಂದು ನೀನೇ ಕೇಳು. ಅವರು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೋ, ಸಮಜಾಯಿಷಿ ಕೊಡಬೇಡ. ಒಂದು ವಾರ ಬರೀ ಕಿಬಾ ದಾಚಿಯಲ್ಲಿ, ಆ ಕುದುರೆ ಸವಾರನ ನಿಲುವಿನಲ್ಲಿ, ನಿಲ್ಲು, ಮೊದಲ ದಿನ ಒಂದು ನಿಮಿಷ ಸಾಕು. ಮಂಡಿ ಒಳಕ್ಕೆ ಬೀಳದೆ ಪಾದದ ನೇರಕ್ಕಿರಲಿ, ನೋವಾದರೆ ಅಂದಿಗೆ ನಿಲ್ಲಿಸು. ಆಮೇಲೆ ತಾರಸಿಯ ಗೋಡೆಗೆ ಎದುರಾಗಿ ಕಿಬಾ ದಾಚಿಯಲ್ಲಿ ನಿಂತು, ನಿನ್ನ ಕಣ್ಣಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಉದ್ದವಾದ ಗೆರೆಯೊಂದನ್ನು ಎಳೆಸು. ಕಟಾದ ಕೈಗಳನ್ನು ಬಿಟ್ಟು ಕಾಲುಗಳನ್ನು ಮಾತ್ರ ಮಾಡು, ಗೆರೆ ಕಣ್ಣಿನಿಂದ ಕೆಳಗೆ ಜಾರಿದರೆ ಮೊದಲಿನಿಂದ ಆರಂಭಿಸು. ನಾಮಿ ಗಾಯೆಶಿಗೆ ಪಾದ ಎತ್ತುವ ಮುನ್ನ ಭಾರವನ್ನು ಇನ್ನೊಂದು ಕಾಲಿಗೆ ಓರೆಯಾಗಿ ಸುರಿಯಬೇಡ, ಸೊಂಟವನ್ನು ಕೆಳಕ್ಕೆ ಒತ್ತಿ ಹಿಡಿ.

ಬರುವ ತಿಂಗಳು ಎರಡನೇ ಶನಿವಾರ ನಾನು ಅಲ್ಲಿಗೆ ಬರುತ್ತಿದ್ದೇನೆ. ಬೆಳಗ್ಗೆ ಐದಕ್ಕೆ ತಾರಸಿಯಲ್ಲಿ ನಿನಗೆ ಇಚಿ, ನಿ, ಸಾನ್ ಎಣಿಸುವವನು ನಾನೇ. ಡ್ರೆಸ್ಸನ್ನು ಮಂಚದ ಕೆಳಗಿನಿಂದ ತೆಗೆದು ಅಮ್ಮನಿಗೆ ಒಗೆಯಲು ಕೊಡು. ಪರ್ಪಲ್ ಬೆಲ್ಟನ್ನು ಮಡಿಸಿ ಮೇಲಿಡು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ