ಅಪ್ಪಾಜಿ, ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡಿ

ಟ್ಯೂಬಿಂಗೆನ್, ಜರ್ಮನಿ
ಭಾನುವಾರ ರಾತ್ರಿ

ಅಪ್ಪಾಜಿಗೆ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಕೇಳಿದರೆ "ಏನಿಲ್ಲ ಬಿಡಮ್ಮ, ಊಟ ಆಯ್ತಾ" ಅಂತ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಮಂಜು ತಿಪಟೂರಿನಲ್ಲಿ ಪ್ರಿಂಟ್ ತೆಗೆಸಿ ತಂದುಕೊಡುತ್ತಾನೆ, ಪೂರ್ತಿ ಓದಿ.

ಅವನು ನಿನ್ನೆ ಎಲ್ಲ ಹೇಳಿದ. ನಿಮ್ಮ ಕಾಲಿಗೆ ಗರಿಕಡ್ಡಿ ಚುಚ್ಚಿ ಮೂರು ವಾರವಾಯಿತಂತೆ. ನಾನು ವಿಮಾನ ಹತ್ತುವ ಮುಂಚೆಯೇ! ಬೆಂಗಳೂರಿಗೆ ಬಿಡಲು ಬಂದಾಗ ಆ ಸೆಕೆಯಲ್ಲೂ ಕಾಲುಚೀಲ ಹಾಕಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಹೆಬ್ಬೆರಳಿನ ಪಕ್ಕ ಕಪ್ಪಾಗಿದೆಯಂತೆ, ನೀವು ಅರಿಶಿನ ಮೆತ್ತಿಕೊಂಡು ನೀರು ಕಟ್ಟೋಕೆ ಹೋಗುತ್ತೀರಂತೆ. ಹೇಳಿದ್ದಕ್ಕೆ ಅವನನ್ನು ಬೈಯಬೇಡಿ.

ಒಟ್ಟಿಗೆ ಬಂದ ನಮ್ಮ ಹದಿನಾಲ್ಕು ಜನರನ್ನೂ ಇಲ್ಲಿ ಒಂದೊಂದು ಮನೆಗೆ ಹಂಚಿದ್ದಾರೆ. ನನಗೆ ಸಿಕ್ಕಿದ್ದು ಎಪ್ಪತ್ತೆರಡು ವರ್ಷದ ಅಜ್ಜಿಯ ಮನೆ. ಮೊದಲ ದಿನ ಬಾಗಿಲಲ್ಲೇ ಶೂ ಬಿಚ್ಚಿಸಿ ಉಣ್ಣೆಯ ಚಪ್ಪಲಿ ಕೊಟ್ಟರು. ಮನೆಯೊಳಗೆ ಚಪ್ಪಲಿಯಾ ಅಂತ ಹಿಂದೆಮುಂದೆ ನೋಡಿದೆ. ಅದು ಹೊಸ್ತಿಲು ದಾಟಿ ಹೊರಗೆ ಹೋಗುವುದೇ ಇಲ್ಲ, ಮಡಿಯ ಹಾಗೆ. ಅಜ್ಜಿಗೂ ನಿಮ್ಮ ಹಾಗೇ ಸಕ್ಕರೆ ಕಾಯಿಲೆ, ಇಪ್ಪತ್ತು ವರ್ಷದಿಂದ. ದಿನಾ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಬೆರಳ ಸಂದಿಯ ಪಸೆಯನ್ನೆಲ್ಲ ಒರೆಸಿ, ಅಂಗೈಯಗಲದ ಕನ್ನಡಿ ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತಾರೆ. ಒಂದು ದಿನವೂ ತಪ್ಪಿಸಿದ್ದು ಕಾಣೆ.

ನಿಮ್ಮ ವಿಷಯ ಹೇಳಿದೆ. "ನೋವಿದೆಯಾ?" ಅಂದರು. "ಇಲ್ಲವಂತೆ" ಅಂದೆ. ಅವರ ಮುಖ ಸಣ್ಣದಾಯಿತು. ಸಕ್ಕರೆಯಿಂದ ಕಾಲಿನ ನರ ಜೋಮು ಹಿಡಿದರೆ ಗಾಯ ಒಳಗೊಳಗೇ ಬೆಳೆದರೂ ತಿಳಿಯುವುದಿಲ್ಲ ಅಪ್ಪಾಜಿ. ರಕ್ತದ ಓಡಾಟ ಕಡಿಮೆಯಾಗಿ ಮಾಯುವುದೂ ಇಲ್ಲ. "ಒಂಚೂರೂ ನೋವಿಲ್ಲ" ಅನ್ನುವ ನಿಮ್ಮ ಮಾತೇ ಈಗ ನನಗೆ ಭಯ.

ದುಡ್ಡಿನ ಮುಖ ನೋಡಿಕೊಂಡು ಸುಮ್ಮನಿದ್ದೀರಿ ಅಂತ ನನಗೆ ಗೊತ್ತು. ಅಟ್ಟದ ಕೊಬ್ಬರಿಯನ್ನು ರೇಟು ಬರುವ ಮುಂಚೆಯೇ ಮಾರಿ ನನ್ನನ್ನು ಕಳಿಸಿದಿರಿ. ನನ್ನ ಟ್ರಂಕಿನ ತಳದಲ್ಲಿ ನೀಲಿ ಪರ್ಸಿದೆ, ಸ್ಕಾಲರ್‌ಶಿಪ್ಪಿನ 6,000 ರೂಪಾಯಿ ಅದರಲ್ಲಿದೆ. ಅಮ್ಮಾ, ತೆಗೆದು ಮಂಜು ಕೈಗೆ ಕೊಡು. ನಾಳೆಯೇ ಆಸ್ಪತ್ರೆಗೆ ಹೋಗಿ ಡ್ರೆಸ್ಸಿಂಗ್ ಮಾಡಿಸಲಿ, ಮೂರು ತಿಂಗಳ ಸಕ್ಕರೆ ತೋರಿಸುವ ಟೆಸ್ಟೂ ಆಗಲಿ. ಮೊಳೆ ಕಾಯಿಸಿ ಇಡುವುದು, ಎಲೆ ಕಟ್ಟುವುದು ಯಾವುದೂ ಬೇಡ.

ನನ್ನ ಊಟದ ಚಿಂತೆ ಬೇಡಮ್ಮ. ರಾತ್ರಿ ಇವರು ಒಲೆಯನ್ನೇ ಹಚ್ಚುವುದಿಲ್ಲ, ಬ್ರೆಡ್ಡು, ಚೀಸು, ಸೌತೆಕಾಯಿ, ಅಷ್ಟೇ. ನಾನು ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತೇನೆ, ಅಜ್ಜಿಯೂ ಒಂದು ಚಮಚ ಕೇಳಿ ಹಾಕಿಸಿಕೊಂಡರು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿ ಊರೇ ಮೌನ. ಮೆಟ್ಟಿಲು, ಮನೆ ಮುಂದಿನ ದಾರಿ ಗುಡಿಸುವುದಕ್ಕೆ ವಾರಕ್ಕೊಂದು ಮನೆಯ ಸರದಿ, ಅದಕ್ಕೆ ಬಾಗಿಲಿಗೆ ಒಂದು ಹಲಗೆ ತೂಗುಹಾಕುತ್ತಾರೆ. ಈ ವಾರ ನಮ್ಮ ಸರದಿ, ನಾನೇ ಗುಡಿಸಿದೆ. ನಿನ್ನ ಕೈಲಿ ಕಲಿತ ಗುಡಿಸುವಿಕೆ ಅಮ್ಮ, ಪಕ್ಕದ ಮನೆಯವರೂ ಮೆಚ್ಚಿದರು.

ಇನ್ನೊಂದು ಮಾತು ಅಪ್ಪಾಜಿ. ನೀವು ಶಾಲೆಯಲ್ಲಿ ಹೇಳುತ್ತಿದ್ದಿರಲ್ಲ ಕಿಟೆಲ್ ಸಾಹೇಬರು, 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು ಅಂತ. ಅವರು 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗೆನ್ನಿನಲ್ಲಿ. ಅವರಿಗೆ ಡಾಕ್ಟರೇಟ್ ಕೊಟ್ಟದ್ದೂ ಇಲ್ಲಿಯ ವಿಶ್ವವಿದ್ಯಾಲಯವೇ. ಸಂಜೆ ನೆಕ್ಕರ್ ಹೊಳೆಯ ಸೇತುವೆ ಮೇಲೆ ನಿಂತು ನಿಮ್ಮನ್ನೇ ನೆನೆಸಿಕೊಂಡೆ. ಅವರ ಹೆಸರು ಹೇಳುವಾಗ ನೀವು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದಿರಿ. ಆ ಕಾಲು ನನಗೆ ಬೇಕು.

ನಿಜವಾಗಲೂ ನಾನು ಆರಾಮಾಗಿದ್ದೇನೆ. ಚಳಿಯಿಲ್ಲ, ನೆಗಡಿಯಿಲ್ಲ, ನಿದ್ದೆ ಚೆನ್ನಾಗಿ ಬರುತ್ತೆ, ದುಡ್ಡೂ ಉಳಿದಿದೆ. ನಿಮಗೂ ಮನೆಯೊಳಗೆ ಹಾಕಿಕೊಳ್ಳುವ ಮೆತ್ತನೆ ಚಪ್ಪಲಿ ತೆಗೆದಿಟ್ಟಿದ್ದೇನೆ, ಒಂಬತ್ತು ನಂಬರಿನದು. ಅದನ್ನು ತಂದುಕೊಡುವ ತನಕ ತೋಟದ ಕಡೆ ತಲೆ ಹಾಕಬೇಡಿ.

ಬೆಳಗ್ಗೆ ಏಳಕ್ಕೆ ಬಸ್ಸು, ಸ್ಟುಟ್‌ಗಾರ್ಟಿಗೆ. ನಿಲ್ಲಿಸುತ್ತೇನೆ. ಮಂಜು, ಡ್ರೆಸ್ಸಿಂಗ್ ಆದ ತಕ್ಷಣ ಡಾಕ್ಟರ ಚೀಟಿಯ ಫೋಟೊ ಕಳಿಸು, ಮರೀಬೇಡ.

ಇತಿ ನಿಮ್ಮ
ಪುಟ್ಟಿ